ನಂಬರ್ ಚೀಟಿಯ ಕೆಳಗಿನ ತುಂಡು

೧

ಹೇಗೆ ಶುರು ಮಾಡಲಿ? ಮೂರು ದಾರಿಗಳಿವೆ, ಮೂರರ ಮೇಲೂ ನನಗೆ ಅನುಮಾನವಿದೆ.

ಬಾಗಿಲ ಬೆಲ್ ಹೊಡೆಯುವುದರಿಂದ ಶುರು ಮಾಡಬಹುದು. ಆದರೆ ಬೆಲ್ ಹೊಡೆದರೆ ಬಾಗಿಲು ತೆರೆಯಬೇಕು, ತೆರೆದರೆ ತಂಗಿ ಒಳಗೆ ಬರುತ್ತಾಳೆ, ತಂಗಿ ಒಳಗೆ ಬಂದಳೆಂದರೆ ಮುಗಿಯಿತು, ಓದುಗರೆಲ್ಲ ಅವಳ ಕಡೆ. ಓಟದಿಂದಲೇ ಶುರು ಮಾಡಬಹುದು: ಮುನ್ನೂರು ಮಕ್ಕಳು, ಸುಣ್ಣದ ಗೆರೆ, ಪೀಪಿ. ಆದರೆ ಓಡುವ ಮಕ್ಕಳ ಬಗ್ಗೆ ಬರೆಯುವುದು ಸುಲಭ, ಓಡದೆ ಹಗ್ಗದಾಚೆ ನಿಂತ ಹೆಂಗಸಿನ ಬಗ್ಗೆ ಬರೆಯುವುದು ಕಷ್ಟ, ಮತ್ತು ಈ ಕಥೆ ಅವಳದು. ಹಾಗಾಗಿ ಅವಳ ಅಡುಗೆಮನೆಯಿಂದ ಶುರು ಮಾಡುತ್ತೇನೆ. (ಹೆಂಗಸಿನ ಕಥೆ ಅಡುಗೆಮನೆಯಿಂದಲೇ ಶುರುವಾಗಬೇಕೇ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಬೇಕಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಅವಳು ಇನ್ನೆಲ್ಲೂ ಇರಲಿಲ್ಲ.)

ಅವಳನ್ನು ಅಕ್ಕ ಎನ್ನೋಣ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಟೆಕ್ನೀಷಿಯನ್. ಇಬ್ಬರು ಮಕ್ಕಳ ತಾಯಿ.

ಕಟ್ಟೆಯ ಮೇಲೆ ನಾಲ್ಕು ನೀರಿನ ಬಾಟಲಿಗಳು ಸಾಲಾಗಿ ನಿಂತಿವೆ. ಅಕ್ಕ ಮೊದಲು ನಾಲ್ಕಕ್ಕೂ ನೀರು ತುಂಬಿಸುತ್ತಾಳೆ, ಆಮೇಲೆ ಮುಚ್ಚಳ ಬಿಗಿಯುತ್ತಾಳೆ, ಕೊನೆಗೆ ಹೆಸರಿನ ಚೀಟಿ ಅಂಟಿಸುತ್ತಾಳೆ. ಯಾವತ್ತೂ ಇದೇ ಕ್ರಮ. ಲ್ಯಾಬಿಗೆ ಬರುವ ಹೊಸಬರಿಗೆ ಅವಳು ಕಲಿಸುವ ಮೊದಲ ಪಾಠ: ಖಾಲಿ ಟ್ಯೂಬಿಗೆ ಹೆಸರು ಹಚ್ಚಬಾರದು. ರೋಗಿ ಎದುರಿಗೆ ಕೂತಿರಬೇಕು, ತನ್ನ ಹೆಸರನ್ನು ತಾನೇ ಹೇಳಬೇಕು, ರಕ್ತ ಟ್ಯೂಬಿಗೆ ಬಂದಿರಬೇಕು, ಆಮೇಲೆ ಲೇಬಲ್. ಮೊದಲೇ ಹಚ್ಚಿಟ್ಟರೆ ಒಬ್ಬರ ಸಕ್ಕರೆ ಇನ್ನೊಬ್ಬರ ಮೈಗೆ ಹೋಗುತ್ತದೆ. ಹನ್ನೊಂದು ವರ್ಷದ ಸರ್ವೀಸಿನಲ್ಲಿ ಅವಳ ಕೈಯಲ್ಲಿ ಒಂದು ಟ್ಯೂಬೂ ಅದಲುಬದಲಾಗಿಲ್ಲ. (ಇದನ್ನು ಹೇಳುವಾಗ ಅವಳ ದನಿ ಕೊಂಚ ಏರುತ್ತದೆ. ಏರಲಿ ಬಿಡಿ. ಈ ಕಥೆಯಲ್ಲಿ ಅವಳು ಹೆಮ್ಮೆ ಪಡುವುದಕ್ಕೆ ಇನ್ನು ಹೆಚ್ಚು ಜಾಗವಿಲ್ಲ.)

ಫ್ರಿಜ್ಜಿನ ಬಾಗಿಲ ಮೇಲೆ ಆ ದಿನದ ಪಟ್ಟಿ, ಅವಳದೇ ದುಂಡು ಅಕ್ಷರದಲ್ಲಿ: ಏಳು ಗಂಟೆ, ಮಗಳ ಓಟ. ಏಳೂಕಾಲು, ಮಗನ ಚಿತ್ರಕಲೆ ತರಗತಿಯ ಬಸ್ಸು, ಅಕ್ವೇರಿಯಂಗೆ (ಟೋಪಿ ಮರೆಯಬಾರದು). ಹನ್ನೊಂದು, ಈಜು. ನಾಲ್ಕು, ಪಕ್ಕದ ಬೀದಿಯ ಹುಡುಗಿಯ ಹುಟ್ಟುಹಬ್ಬ (ಉಡುಗೊರೆಗೆ ಕಾಗದ ಸುತ್ತಬೇಕು). ಪಟ್ಟಿಯಲ್ಲಿ ಗಂಡ ಇದ್ದಾನೆ, ಮಗನ ಹೆಸರಿನ ಪಕ್ಕ, ಬ್ರಾಕೆಟ್ಟಿನೊಳಗೆ. ಅಕ್ಕ ಎಲ್ಲೂ ಇಲ್ಲ. ಪಟ್ಟಿ ಬರೆಯುವವರು ಪಟ್ಟಿಯೊಳಗೆ ಬರುವುದಿಲ್ಲ. ಇದು ನನಗೂ ಗೊತ್ತಿರುವ ಸಂಗತಿ.

ತಂಗಿಯೂ ಪಟ್ಟಿಯಲ್ಲಿಲ್ಲ. ಅದು ಮರೆವಲ್ಲ.

೨

ಬೆಲ್ ಹೊಡೆಯಿತು. ಏನು ಮಾಡಲಿ, ಹೊಡೆಯಲೇಬೇಕಿತ್ತು.

ತಂಗಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ದಿನವಿಡೀ ಅಪರಿಚಿತರ ಪಕ್ಕದ ಸೀಟಿನಲ್ಲಿ ಕೂತು, ಕಾಲಡಿ ಇನ್ನೊಂದು ಬ್ರೇಕ್ ಇಟ್ಟುಕೊಂಡು, ಸಾಯುವ ಭಯವನ್ನು ಜೋಕಿನಲ್ಲಿ ತೇಲಿಸುವುದು ಅವಳ ಕಸುಬು. ಹೊಸ್ತಿಲಲ್ಲಿ ಶೂ ಬಿಚ್ಚುತ್ತಲೇ ಶುರು ಮಾಡಿದಳು.

"ಅಕ್ಕ, ನಿಮ್ಮನೆ ಮುಂದೆ ಮೂರು ಗಾಡಿ ನಿಂತಿದಾವೆ, ಮೂರೂ ಓರೆ. ಮೂರೂ ನನ್ನ ಸ್ಟೂಡೆಂಟ್ಸೇ ಇರಬೇಕು. ಎಲ್ಲಿ, ಮೆಣಸು ಎದ್ದಳಾ?"

ಮೆಣಸು ಎಂದರೆ ಮಗಳು. ಆರು ವರ್ಷ. ಕಾಳಿನಷ್ಟೇ ಇದ್ದಾಳೆ, ಬಾಯಿ ಮಾತ್ರ ಘಾಟು. ಅಷ್ಟು ಹೊತ್ತೂ ಹಲ್ಲುಜ್ಜಲು ಅಳುತ್ತಿದ್ದವಳು ಬಾಯ್ತುಂಬ ನೊರೆಯೊಂದಿಗೇ ಬಚ್ಚಲಿನಿಂದ ಓಡಿಬಂದು ತಂಗಿಯ ಸೊಂಟಕ್ಕೆ ಜೋತುಬಿದ್ದಳು. "ಚಿಕ್ಕೀ!"

"ಅಯ್ಯೋ, ಇದೇನೇ, ಹುಚ್ಚುನಾಯಿ ಹಂಗೆ ನೊರೆ ಸುರಿಸ್ತಿದೀಯ. ಇಂಜೆಕ್ಷನ್ ಹಾಕಿಸ್ಬೇಕು ನಿಂಗೆ. ಅಕ್ಕ, ಸೂಜಿ ತಾ."

ಮೆಣಸು ನಕ್ಕು ನಕ್ಕು ನೆಲದ ಮೇಲೆ ಬಿದ್ದಳು. ಮಗ ನಕ್ಕ. ಗಂಡನೂ, ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಇನ್ನೊಬ್ಬರ ದೃಷ್ಟಿ ಅಳೆಯುವ ಆ ಗಂಭೀರ ಮನುಷ್ಯನೂ, ಪೇಪರಿನ ಹಿಂದೆ ಭುಜ ಕುಣಿಸಿದ. ನೊರೆ ಬಿದ್ದ ನೆಲವನ್ನು ಅಕ್ಕ ಒರೆಸಿದಳು. ಸೂಜಿ ಅವಳ ಕಸುಬು, ಜೋಕು ಮಾತ್ರ ತಂಗಿಯದಾಯಿತು.

(ನೀವೂ ನಕ್ಕಿರಿ ತಾನೇ? ನಾನು ಒಂದು ವಾರ ಕೂತು ತಿದ್ದಿದ ವಾಕ್ಯಗಳು ಮೇಲೆ ಒಂದನೆಯ ಭಾಗದಲ್ಲಿವೆ. ಅಲ್ಲಿ ನಗಲಿಲ್ಲ. ಇರಲಿ.)

೩

ಓಟದ ನಿಯಮ ಹೇಳಿಬಿಡುತ್ತೇನೆ, ಇಡೀ ಕಥೆ ಅದರ ಮೇಲೆ ನಿಂತಿದೆ.

ಏಳು ವರ್ಷದೊಳಗಿನ ಮಕ್ಕಳು ಮೈದಾನದ ಸುತ್ತ ಒಂದು ಸುತ್ತು ಓಡಬೇಕು. ಮೊದಲು ಬಂದವರು, ಕೊನೆಗೆ ಬಂದವರು ಎಂಬ ಲೆಕ್ಕವಿಲ್ಲ, ಎಲ್ಲರಿಗೂ ಪದಕ. ಒಂದು ಮಗುವಿಗೆ ಒಬ್ಬರೇ ಜೊತೆಗಾರರು. ಅವರು ಮಗುವನ್ನು ಗೆರೆಯ ತನಕ ಬಿಡಬೇಕು, ಓಟ ಮುಗಿದ ಮೇಲೆ ಹಗ್ಗ ಕಟ್ಟಿದ ಜಾಗದಿಂದ ಕರೆದುಕೊಂಡು, ಪದಕವನ್ನು ತಾವೇ ಕೊರಳಿಗೆ ಹಾಕಿ, ಫೋಟೊಗೆ ನಿಲ್ಲಬೇಕು. ಮಗುವಿನ ಎದೆಗೆ ಪಿನ್ನು ಚುಚ್ಚಿದ ನಂಬರ್ ಚೀಟಿ. ಅದರ ಕೆಳಗೊಂದು ತುಂಡು, ನಡುವೆ ಹರಿಯಲು ಸಣ್ಣ ತೂತುಗಳ ಸಾಲು. ಆ ತುಂಡಿನಲ್ಲೂ ಅದೇ ನಂಬರು. ಓಟಕ್ಕೆ ಮೊದಲು ಜೊತೆಗಾರರು ಅದನ್ನು ಹರಿದು ಇಟ್ಟುಕೊಳ್ಳಬೇಕು. ತುಂಡು ತೋರಿಸಿದವರಿಗೆ ಮಗು.

ಮೂರು ವಾರದ ಕೆಳಗೆ ಊಟದ ಮೇಜಿನ ಮೇಲೆ ಅರ್ಜಿ ತುಂಬುವಾಗ ಅಕ್ಕ, ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವವರ ದನಿಯಲ್ಲಿ ಕೇಳಿದ್ದಳು. "ಜೊತೆಗೆ ಯಾರು ಬರಬೇಕು, ಮರಿ?"

"ಚಿಕ್ಕಿ."

"ಅಮ್ಮ ಬೇಡ್ವಾ?"

ಮೆಣಸು ಪೆನ್ಸಿಲ್ ಕಡಿಯುತ್ತ ಯೋಚಿಸಿದಳು. ಕ್ರೂರವಾಗಿ ಏನೂ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು. "ನೀನು ಬಂದ್ರೆ ಬಿದ್ದೀಯ, ಬಿದ್ದೀಯ ಅಂತೀಯ. ಆಗ ನಾನು ಬೀಳ್ತೀನಿ."

ಜೊತೆಗಾರರ ಹೆಸರಿನ ಗೆರೆಯನ್ನು ಅಕ್ಕ ಖಾಲಿ ಬಿಟ್ಟಳು. ಖಾಲಿ ಟ್ಯೂಬಿಗೆ ಹೆಸರು ಹಚ್ಚಬಾರದಲ್ಲ.

೪

ಈ ಭಾಗವನ್ನು ಹರಿದುಹಾಕಿದ್ದೇನೆ. ಆದರೆ ಅಲ್ಲಿ ಏನಿತ್ತು ಎಂದು ಹೇಳುವುದು ನ್ಯಾಯ.

ಇಷ್ಟು ಬರೆಯುವ ಹೊತ್ತಿಗೆ ಅಕ್ಕ ನನ್ನ ಎದುರಿಗೆ ಬಂದು ಕೂತಿದ್ದಳು, ಮಡಿಲಲ್ಲಿ ಕೈಕಟ್ಟಿಕೊಂಡು, ವರದಿ ತಪ್ಪಾಗಿದೆ ಎಂದು ದೂರು ಕೊಡಲು ಬಂದವರ ಹಾಗೆ.

"ಮೇಡಂ, ಒಂದು ಮಾತು. ಅವಳಿಗೆ ಒಂದಾದರೂ ಕೊರತೆ ಕೊಡಿ."

"ಯಾರಿಗೆ?"

"ಗೊತ್ತಿಲ್ಲದವರ ಹಾಗೆ ಆಡಬೇಡಿ. ನನಗೆ ನೆಲ ಒರೆಸೋ ಬಟ್ಟೆ ಕೊಟ್ಟಿದೀರಿ, ಅವಳಿಗೆ ಒಳ್ಳೊಳ್ಳೆ ಮಾತೆಲ್ಲ ಕೊಟ್ಟಿದೀರಿ. ಇದ್ಯಾವ ಸೀಮೆ ನ್ಯಾಯ?"

ಅವಳು ಹೇಳಿದ್ದು ಸರಿಯೆನ್ನಿಸಿತು. ಪ್ರಯತ್ನಪಟ್ಟೆ. ಮೊದಲ ಕರಡಿನಲ್ಲಿ ತಂಗಿಯನ್ನು ಸೋಮಾರಿ ಮಾಡಿದೆ, ತಡವಾಗಿ ಬರಿಸಿದೆ. ಬಂದವಳು ತಡವಾದದ್ದಕ್ಕೆ ಎಂಥ ಕಥೆ ಕಟ್ಟಿದಳೆಂದರೆ, ಮೆಣಸು ಇನ್ನೊಂದು ಸಲ ಹೇಳು ಎಂದು ಹಟ ಹಿಡಿದಳು. ಎರಡನೆಯದರಲ್ಲಿ ಸುಳ್ಳುಬುರುಕಿ ಮಾಡಿದೆ. ಹೂಜಿ ಒಡೆದದ್ದು ಮೆಣಸು, ನಾನೇ ಒಡೆದೆ ಎಂದು ತಂಗಿ ಸುಳ್ಳು ಹೇಳಿದಳು. ಮೂರನೆಯದರಲ್ಲಿ ಜಿಪುಣಿ ಮಾಡಿದೆ, ಅಲ್ಲಿ ಬರಿಗೈಯಲ್ಲಿ ಬಂದು ರಟ್ಟಿನ ಡಬ್ಬದಿಂದ ಸ್ಟೀರಿಂಗ್ ಚಕ್ರ ಮಾಡಿಕೊಟ್ಟಳು. ಮಗ ಇವತ್ತಿಗೂ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾನೆ.

"ನೋಡಿ, ನನ್ನ ಕೈಲಾಗಲ್ಲ," ಎಂದೆ.

"ನಿಮಗೂ ಅವಳೇ ಇಷ್ಟ," ಎಂದಳು ಅಕ್ಕ.

ಇಷ್ಟವಲ್ಲ. ಪ್ರಾಮಾಣಿಕವಾಗಿ ಹೇಳುತ್ತೇನೆ, ನನಗೂ ಹೊಟ್ಟೆ ಉರಿಯುತ್ತದೆ. ಒಂದೊಂದು ಪದವನ್ನೂ ತಿರುಗಿಸಿ ಮುರುಗಿಸಿ ನೋಡಿ ಇಡುವವಳು ನಾನು, ಅಕ್ಕನ ಹಾಗೆಯೇ. ಯೋಚಿಸದೆ ಬಾಯಿ ತೆರೆದು ಎಲ್ಲರ ಪ್ರೀತಿ ಬಾಚಿಕೊಂಡು ಹೋಗುವವರನ್ನು ಕಂಡರೆ ನಮ್ಮಂಥವರಿಗೆ ಮೈಯೆಲ್ಲ ಉಪ್ಪುಖಾರ ಹಚ್ಚಿದ ಹಾಗಾಗುತ್ತದೆ. ಹಾಗೆಂದು ಅವರಿಗೆ ಇಲ್ಲದ ಕೊರತೆ ಅಂಟಿಸಿದರೆ ಅದೇ ಲೇಬಲ್ ತಪ್ಪು. ಇದನ್ನು ಅಕ್ಕನಿಗೆ ವಿವರಿಸಬೇಕಾಗಲಿಲ್ಲ. ಎದ್ದು ಹೋದಳು.

೫

ಮೈದಾನ. ಏಳಕ್ಕೆ ಹತ್ತು ನಿಮಿಷ.

ಗಂಡ ಮಗನನ್ನು ಬಸ್ಸಿನ ಹತ್ತಿರ ಕರೆದುಕೊಂಡು ಹೋದ. (ಟೋಪಿ ಮರೆತ. ಅದು ಈ ಕಥೆಗೆ ಬರುವುದಿಲ್ಲ, ಆದರೆ ಅಕ್ಕ ನೆನಪಿಟ್ಟುಕೊಂಡಿದ್ದಾಳೆ.) ಧ್ವನಿವರ್ಧಕದಲ್ಲಿ ಯಾರೋ ಒಂದು, ಎರಡು, ಒಂದು, ಎರಡು ಎನ್ನುತ್ತಿದ್ದಾರೆ. ತಾಯಂದಿರು ಲೇಸು ಕಟ್ಟುತ್ತಿದ್ದಾರೆ, ತಂದೆಯರು ಕಟ್ಟುವವರ ಫೋಟೊ ತೆಗೆಯುತ್ತಿದ್ದಾರೆ. ಒಂದು ಮಗು ಓಟಕ್ಕೆ ಮೊದಲೇ ಮೂರು ಸುತ್ತು ಓಡಿ ಸುಸ್ತಾಗಿ ಅಳುತ್ತಿದೆ.

ಅಕ್ಕ ಮಂಡಿಯೂರಿ ಮೆಣಸಿನ ಎದೆಗೆ ಚೀಟಿ ಚುಚ್ಚಿದಳು. ಇನ್ನೂರ ಹದಿನೇಳು. ನಾಲ್ಕು ಪಿನ್ನು, ನಾಲ್ಕು ಮೂಲೆ, ಒಂದೂ ಮೈಗೆ ತಾಗಲಿಲ್ಲ. ಸೂಜಿ ಹಿಡಿದು ಹನ್ನೊಂದು ವರ್ಷವಾದ ಕೈ ಅದು. ಆ ಹೊತ್ತು ಮೆಣಸು ಮಿಸುಕಾಡದೆ ನಿಂತಿದ್ದಳು, ಅವಳ ಉಸಿರು ಅಕ್ಕನ ಕೆನ್ನೆಗೆ ಬಡಿಯುತ್ತಿತ್ತು. ಅಷ್ಟು ಹತ್ತಿರ. ಆಮೇಲೆ ಮೆಣಸು ಅವಳ ಹೆಗಲ ಮೇಲಿಂದ ಆಚೆ ನೋಡಿ, "ಚಿಕ್ಕೀ, ರೆಡಿ!" ಎಂದಳು.

ತಂಗಿ ಬಂದಳು. "ಎಲ್ಲಿ, ಆ ತುಂಡು ಹರ್ಕೊಳ್ಳಲಾ?" ಎಂದು ಕೈ ಹಾಕಿದಳು.

ಇಲ್ಲಿ ಒಂದು ಕ್ಷಣ ನಿಲ್ಲಿಸುತ್ತೇನೆ. ಕಾಗದ ಹರಿಯುವ ಸದ್ದು ಎಷ್ಟಿರುತ್ತದೆ? ಕೇಳಿಸುವುದೂ ಇಲ್ಲ. ಆದರೆ ತಂಗಿಯ ಹೆಬ್ಬೆರಳು ಆ ತೂತುಗಳ ಸಾಲಿನ ಮೇಲೆ ಬಂದಾಗ, ಅಕ್ಕನಿಗೆ ಎದೆಯಲ್ಲೇ ಯಾರೋ ಗೀಚಿದಂತಾಯಿತು. ಇನ್ನರ್ಧ ಗಂಟೆಯಲ್ಲಿ ಆ ತುಂಡು ತಂಗಿಯ ಜೇಬಿನಿಂದ ಹೊರಗೆ ಬರುತ್ತದೆ, ಯಾರೋ ನೋಡಿ ತಲೆಯಾಡಿಸುತ್ತಾರೆ, ಈ ಮಗು ಇವಳದು ಎನ್ನುತ್ತಾರೆ.

"ಈಗ ಹರೀಬೇಡ," ಎಂದಳು ಅಕ್ಕ.

"ಯಾಕೆ?"

"ಮೊದಲೇ ಹರಿದಿಟ್ಟರೆ ಅದಲುಬದಲಾಗತ್ತೆ. ಓಡಿ ಬರಲಿ. ಮಗು ಎದುರಿಗೆ ನಿಂತ ಮೇಲೆ ಹರೀಬೇಕು."

"ಅದೇನು ರಕ್ತವೇನೇ?"

"ರೂಲ್ ರೂಲೇ."

ತಂಗಿ ಅಕ್ಕನ ಮುಖ ನೋಡಿದಳು. ಆ ದನಿಯನ್ನು ಅವಳು ಚಿಕ್ಕಂದಿನಿಂದ ಬಲ್ಲಳು, ಆ ದನಿಯೊಂದಿಗೆ ವಾದಿಸಿ ಯಾವತ್ತೂ ಗೆದ್ದಿರಲಿಲ್ಲ. "ಸರಿ ತಾಯಿ, ನಿನ್ನ ಲ್ಯಾಬು, ನಿನ್ನ ರೂಲು," ಎಂದು ಕೈ ಹಿಂದೆಗೆದಳು.

ಪೀಪಿ ಊದಿದರು. ಇಡೀ ಚೀಟಿ ಎದೆಗಿಟ್ಟುಕೊಂಡು ಮೆಣಸು ಓಡಿದಳು.

(ಅಕ್ಕ ನಿಯಮಕ್ಕಾಗಿ ಹಾಗೆ ಮಾಡಿದಳೇ, ಉರಿಗಾಗಿ ಮಾಡಿದಳೇ? ನಾನು ಕೇಳಿದೆ. "ನಿಯಮಕ್ಕೆ" ಎಂದಳು. ಎರಡು ಸಲ ಕೇಳಿದೆ. ಎರಡನೆಯ ಸಲ ಓಟದ ಕಡೆ ಮುಖ ತಿರುಗಿಸಿದಳು.)

೬

ಓಟವನ್ನು ನಾನು ವರ್ಣಿಸುವುದಿಲ್ಲ. ಮೆಣಸು ಬೀಳಲಿಲ್ಲ, ಅಷ್ಟು ಸಾಕು. ಹಗ್ಗದಾಚೆ ಅಕ್ಕ ಒಂದೇ ಒಂದು ಸಲವೂ "ಬಿದ್ದೀಯ" ಎನ್ನಲಿಲ್ಲ, ತುಟಿ ಕಚ್ಚಿ ಹಿಡಿದಿದ್ದಳು. ಅದನ್ನು ಯಾರೂ ಗಮನಿಸಲಿಲ್ಲ. ತಂಗಿ ಮಾತ್ರ ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. "ಮೆಣಸೂ, ಗೇರ್ ಹಾಕೇ! ಎರಡು! ಮೂರು! ಇಂಡಿಕೇಟರ್ ಇಲ್ಲದೆ ತಿರುಗಬೇಡ್ವೇ!"

ಓಟ ಮುಗಿದ ಜಾಗದಲ್ಲಿ ಹಗ್ಗ ಕಟ್ಟಿದ ಚೌಕ. ಅದರ ಬಾಯಲ್ಲಿ ಕೊರಳಿಗೆ ಪೀಪಿ ಕಟ್ಟಿಕೊಂಡ ನಿವೃತ್ತ ಪಿ.ಟಿ. ಮೇಷ್ಟ್ರು. ಮೂವತ್ತು ವರ್ಷ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದವರಿಗೆ ತಾಯಂದಿರನ್ನು ನಿಲ್ಲಿಸುವುದು ದೊಡ್ಡದಲ್ಲ.

"ಇನ್ನೂರ ಹದಿನೇಳು," ಎಂದಳು ಅಕ್ಕ.

"ತುಂಡು ಕೊಡಿ."

"ಹರಿದಿಲ್ಲ. ಮಗು ಹತ್ರಾನೇ ಇದೆ. ಈಗ ಹರ್ಕೋತೀನಿ, ಒಳಗೆ ಬಿಡಿ."

"ಒಳಗೆ ದೊಡ್ಡವರಿಗೆ ಪ್ರವೇಶ ಇಲ್ಲ. ತುಂಡು ಇಲ್ಲದೆ ಮಗು ಇಲ್ಲ."

"ನಾನು ತಾಯಿ."

"ಇಲ್ಲಿ ಎಲ್ಲರೂ ತಾಯಂದಿರೇ, ಅಮ್ಮ."

ತಂಗಿ ಪಕ್ಕದಿಂದ ತಲೆ ಹಾಕಿದಳು. "ಸರ್, ನಾನು ಜೊತೆಗಾರ್ತಿ. ಅವಳು ತಾಯಿ, ನಾನು ಚಿಕ್ಕಮ್ಮ. ಮೂಗು ನೋಡಿ, ಮೂರು ಜನಕ್ಕೂ ಒಂದೇ ಅಚ್ಚು."

ಮೇಷ್ಟ್ರು ಮೂಗುಗಳನ್ನು ನೋಡಿದರು, ತಮ್ಮ ಹಾಳೆಯನ್ನೂ ನೋಡಿದರು. ಇನ್ನೂರ ಹದಿನೇಳರ ಮುಂದೆ ಜೊತೆಗಾರರ ಹೆಸರಿನ ಜಾಗ ಖಾಲಿ. "ಹೆಸರೂ ಬರೆದಿಲ್ಲ, ತುಂಡೂ ಹರಿದಿಲ್ಲ. ಇಷ್ಟು ವರ್ಷದಲ್ಲಿ ಇಂಥವರನ್ನ ನೋಡಿರಲಿಲ್ಲ ನಾನು." ಒಂದು ಕ್ಷಣ ಯೋಚಿಸಿ, ತೀರ್ಪು ಕೊಟ್ಟರು. "ತುಂಡು ಮಗು ಹತ್ರ ಇದೆ ಅಂದ್ರೆ ಮಗುನೇ ಹರೀಲಿ. ಯಾರ ಕೈಗೆ ಕೊಡತ್ತೋ ಅವರು ಕರ್ಕೊಂಡು ಹೋಗಿ. ಪುಟ್ಟಾ, ಇನ್ನೂರ ಹದಿನೇಳು! ಬಾ ಇಲ್ಲಿ. ಆ ಕೆಳಗಿನ ತುಂಡು ಹರಿ. ಇವರಿಬ್ಬರಲ್ಲಿ ಯಾರಿಗೆ ಕೊಡ್ತೀಯೋ ಕೊಡು."

ಮೆಣಸು ತುಂಡು ಹರಿದಳು. ಕೈಯಲ್ಲಿ ಹಿಡಿದಳು. ಇಬ್ಬರನ್ನೂ ನೋಡಿದಳು. ಇಡೀ ಆರು ವರ್ಷದ ಜೀವನದಲ್ಲಿ ಯಾರೂ ಅವಳಿಗೆ ಇಷ್ಟು ಅಧಿಕಾರ ಕೊಟ್ಟಿರಲಿಲ್ಲ.

"ಯೋಚನೆ ಮಾಡಿ ಹೇಳ್ತೀನಿ," ಎಂದು ಚೌಕದೊಳಗೇ ಇದ್ದ, ಬಾಳೆಹಣ್ಣು ಹಂಚುವ ಮೇಜಿನ ಕಡೆ ಹೋದಳು.

೭

ಸರಿ, ಈಗ ಅಂತ್ಯ. ಮೂರು ಬರೆದಿದ್ದೇನೆ.

ಅ) ಮೆಣಸು ತುಂಡನ್ನು ಅಮ್ಮನಿಗೆ ಕೊಡುತ್ತಾಳೆ. ಅಕ್ಕನ ಕಣ್ಣು ತುಂಬುತ್ತದೆ, ಪದಕ, ಫೋಟೊ. ಓದಿ ತೋರಿಸಿದೆ. ಅಕ್ಕ ಮೂಗು ಮುರಿದಳು. "ಇದು ಅಯ್ಯೋ ಪಾಪ ಅಂತ ಕೊಟ್ಟ ಹಾಗಿದೆ. ಅವಳು ಕೊಟ್ಟಿದ್ದಲ್ಲ, ನೀವು ಕೊಡಿಸಿದ್ದು."

ಆ) ಚಿಕ್ಕಿಗೆ ಕೊಡುತ್ತಾಳೆ. ಅಕ್ಕ ನಗುತ್ತಾ ಚಪ್ಪಾಳೆ ತಟ್ಟುತ್ತಾಳೆ, ಮನೆಗೆ ಹೋಗಿ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ಇದನ್ನು ಓದುವ ಮೊದಲೇ ಹಾಳೆ ಕಿತ್ತುಕೊಂಡಳು. "ನಾನು ಹಾಗೆಲ್ಲ ನಲ್ಲಿ ಬಿಟ್ಟು ನೀರು ಪೋಲು ಮಾಡಲ್ಲ."

ಇ) ತುಂಡನ್ನು ಎರಡು ಮಾಡಿ ಇಬ್ಬರಿಗೂ ಒಂದೊಂದು ಕೊಡುತ್ತಾಳೆ. ಇದನ್ನು ನಾನೇ ಹೊಡೆದುಹಾಕಿದೆ. ಇಷ್ಟು ಜಾಣತನ ಮಕ್ಕಳಿಗಿರುವುದಿಲ್ಲ. ಕಥೆಗಾರರಿಗಿರುತ್ತದೆ, ಆಮೇಲೆ ಅವರಿಗೇ ನಾಚಿಕೆಯಾಗುತ್ತದೆ.

ಮೆಣಸನ್ನೇ ಕೇಳೋಣ ಎಂದು ಹೋದೆ. ಬಾಯಲ್ಲಿ ಬಾಳೆಹಣ್ಣು ತುಂಬಿಕೊಂಡು, "ಆ ಪೀಪಿ ಅಜ್ಜನಿಗೇ ಕೊಡ್ಲಾ?" ಎಂದಳು. "ಕೊಟ್ರೆ ಅವರು ಪೀಪಿ ಕೊಡ್ತಾರಾ?"

ಈ ಕಥೆಯ ನಿಜವಾದ ಸಂಕಟ ಏನೆಂದರೆ, ಯಾವ ಮಗುವಿಗಾಗಿ ಇಬ್ಬರು ಹೆಂಗಸರು ಉಸಿರು ಬಿಗಿಹಿಡಿದು ನಿಂತಿದ್ದಾರೋ, ಆ ಮಗುವಿಗೆ ಇದು ಸಂಕಟವೇ ಅಲ್ಲ.

೮

ಹಾಗಾಗಿ ಕಾಯುವುದು.

ಚೌಕದಿಂದ ಮಕ್ಕಳು ಒಬ್ಬೊಬ್ಬರಾಗಿ ಹೊರಟರು. ಹಗ್ಗದ ಹತ್ತಿರ ಅಕ್ಕ, ತಂಗಿ, ಅವರ ನಡುವೆ ಒಂದು ಮೊಳ ಜಾಗ. ತಂಗಿ ಮೆಣಸಿನ ಕಡೆ ಕೈ ಬೀಸುತ್ತಿದ್ದಳು, ಮೂಗಿನ ಮೇಲೆ ಬೆರಳಿಟ್ಟು ಮುಖ ಸೊಟ್ಟ ಮಾಡುತ್ತಿದ್ದಳು. ಲಂಚ, ಎಂದುಕೊಂಡಳು ಅಕ್ಕ. ತಾನೂ ಮಾಡಬಹುದಿತ್ತು. ತನ್ನ ಮುಖಕ್ಕೆ ಅದು ಬರುವುದಿಲ್ಲ.

ಆ ಮುಖ ಸೊಟ್ಟ ಮಾಡುವುದನ್ನು ಅಕ್ಕ ನೋಡುತ್ತಾ ನಿಂತಳು. ನೋಡುತ್ತಾ ಇದ್ದಂತೆ, ನಾನು ಬರೆಯದೇ ಇದ್ದದ್ದೊಂದು ಅವಳಿಗೆ ನೆನಪಾಯಿತು. ಈ ಸೊಟ್ಟ ಮುಖ ಮೊದಲು ತನಗೆಂದು ಹುಟ್ಟಿದ್ದು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಬಾಯಿ ತೆರೆಯಲು ಹೆದರಿ, ಆರು ವರ್ಷದ ತಂಗಿ ಬಾಗಿಲಲ್ಲಿ ನಿಂತ ಹತ್ತು ವರ್ಷದ ಅಕ್ಕನನ್ನು ಹುಡುಕಿ ಮಾಡಿದ್ದ ಮುಖ ಅದು. ಅಕ್ಕ ಇದ್ದರೆ ಮಾತ್ರ ಕೂರುತ್ತೇನೆ ಎಂದು ಹಟ ಹಿಡಿದಿದ್ದಳು. ಶಾಲೆಯ ದಾರಿಯಲ್ಲಿ ಕೈ ಹಿಡಿಯುತ್ತಿರಲಿಲ್ಲ, ಅಕ್ಕನ ಚೀಲದ ಪಟ್ಟಿ ಹಿಡಿಯುತ್ತಿದ್ದಳು, ಪಟ್ಟಿ ಕಿತ್ತು ಬರುವಷ್ಟು ಗಟ್ಟಿಯಾಗಿ. ಅಮ್ಮ ಎರಡು ಸಲ ಹೊಲಿದುಕೊಟ್ಟಿದ್ದಳು. ಅಕ್ಕ ಬೈಯುತ್ತಿದ್ದಳು, ಬಿಡೇ, ಎಳೀಬೇಡ್ವೇ, ಎಂದು. ಈಗ ಹೆಗಲು ಖಾಲಿ.

ಬೆಳಿಗ್ಗೆ ಬಾಗಿಲು ತೆರೆದ ಕ್ಷಣದಿಂದ ಇಲ್ಲಿಯವರೆಗೆ ತಂಗಿ ತನ್ನನ್ನು ಏನೇನು ಕೇಳಿದಳು? ಅಕ್ಕ ಎಣಿಸಿದಳು. ಮೆಣಸು ಎದ್ದಳಾ. ಬ್ರೆಡ್ ಇದೆಯಾ. ಅವಳ ಶೂ ಎಲ್ಲಿ. ತುಂಡು ಹರ್ಕೊಳ್ಳಲಾ. ಯಾಕೆ. ಕಳೆದ ಭಾನುವಾರ? ಅದರ ಹಿಂದಿನದು?

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಏಳು ಭಾಗ ಬರೆದಿದ್ದೇನೆ, ಒಂದು ಹರಿದುಹಾಕಿದ್ದೇನೆ, ಎಲ್ಲದರಲ್ಲೂ ಅಕ್ಕನ ಉರಿ ತಂಗಿಯ ಕಡೆಗೆ ಮುಖ ಮಾಡಿದೆ. ಅಲ್ಲ. ಅದು ಮಗಳ ಕಡೆಗೆ. ತನ್ನ ತಂಗಿಯನ್ನು ತನ್ನಿಂದ ಕಿತ್ತುಕೊಂಡದ್ದು ಈ ಕಾಳಿನಷ್ಟು ಹುಡುಗಿ.

"ಅದನ್ನ ಬರೀಬೇಡಿ," ಎಂದಳು ಅಕ್ಕ, ತಕ್ಷಣ, ಮೆಲ್ಲಗೆ. "ಆರು ವರ್ಷದ ಮಗಳ ಮೇಲೆ ಹೊಟ್ಟೆಕಿಚ್ಚು ಅಂದ್ರೆ ಓದಿದೋರು ನನ್ನ ಏನಂದ್ಕೋಬೇಕು? ತಂಗಿ ಮೇಲೆ ಅಂತಾನೇ ಇರಲಿ. ಅದು ಮರ್ಯಾದೆಯಾಗಿದೆ."

"ಬರೆದಾಯ್ತು."

"ಹೊಡೆದುಹಾಕಿ."

ಹೊಡೆದುಹಾಕಬಹುದಿತ್ತು. ಹಾಕಲಿಲ್ಲ.

೯

"ಏ," ಎಂದಳು ಅಕ್ಕ. ನನಗಲ್ಲ, ತಂಗಿಗೆ. "ಭಾನುವಾರ ಭಾನುವಾರ ಯಾರನ್ನ ನೋಡೋಕೆ ಬರ್ತೀಯ ನೀನು?"

ತಂಗಿ ಮುಖ ಸೊಟ್ಟ ಮಾಡುವುದನ್ನು ಅರ್ಧಕ್ಕೇ ನಿಲ್ಲಿಸಿದಳು. "ಇದೇನೇ ಪ್ರಶ್ನೆ? ನಿಮ್ಮನ್ನೆಲ್ಲ."

"ನಿಮ್ಮನ್ನೆಲ್ಲ ಅಂದ್ರೆ ಯಾರನ್ನ?"

"ಬೆಳಿಗ್ಗೆಯಿಂದ ಮುಖ ಗಂಟು ಹಾಕ್ಕೊಂಡಿದ್ದು ಇದಕ್ಕಾ? ನಾನು ತುಂಡಿಗೆ ಅಂದ್ಕೊಂಡೆ."

"ಕೇಳಿದ್ದಕ್ಕೆ ಹೇಳು."

ತಂಗಿ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಜೋಕು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ.

"ಹೇಗಿದೀಯ ಅಕ್ಕ ಅಂತ ಕೇಳಿದ್ರೆ ನೀನು ಏನಂತೀಯ ಗೊತ್ತಾ? ಏಳಕ್ಕೆ ಓಟ, ಏಳೂಕಾಲಿಗೆ ಬಸ್ಸು, ಹನ್ನೊಂದಕ್ಕೆ ಈಜು ಅಂತೀಯ. ಒಂದು ವರ್ಷ ಕೇಳಿದೆ. ಆಮೇಲೆ ಬಿಟ್ಟೆ. ಈಗ ಮೆಣಸನ್ನ ಕೇಳ್ತೀನಿ."

"ಏನಂತ?"

"ಅಮ್ಮ ಹೇಗಿದಾಳೆ ಅಂತ. ಅವಳು ಸರಿಯಾಗಿ ಹೇಳ್ತಾಳೆ. ಪಟ್ಟಿ ಹೇಳಲ್ಲ."

"ಏನು ಹೇಳ್ತಾಳೆ?"

"ಅದು ನಮ್ಮಿಬ್ಬರ ಮಧ್ಯೆ."

ಅಕ್ಕ ತಂಗಿಯ ತೋಳಿಗೆ ಚಿವುಟಿದಳು. ಜೋರಾಗಿ, ಉಗುರು ಊರುವಷ್ಟು, ಇಪ್ಪತ್ತೈದು ವರ್ಷ ಕೂಡಿಟ್ಟಂಥ ಚಿವುಟು. "ಅಯ್ಯಯ್ಯೋ ರಾಕ್ಷಸಿ!" ಎಂದು ತಂಗಿ ಕೂಗಿದ ಸದ್ದಿಗೆ ಮೇಷ್ಟ್ರು ತಿರುಗಿ ನೋಡಿದರು.

"ಈಗ ಕೇಳು," ಎಂದಳು ಅಕ್ಕ.

"ಏನು?"

"ಅದೇ. ನನ್ನನ್ನ ಕೇಳು. ಅವಳನ್ನಲ್ಲ."

ತೋಳು ಉಜ್ಜಿಕೊಳ್ಳುತ್ತ ತಂಗಿ ಅವಳನ್ನೇ ದಿಟ್ಟಿಸಿದಳು. "ಹೇಗಿದೀಯೇ, ಅಕ್ಕ?"

ಅಕ್ಕ ಬಾಯಿ ತೆರೆದಳು. ಏಳು ಎಂಬ ಅಂಕಿ ನಾಲಿಗೆಯ ತುದಿಗೆ ಬಂದಿತ್ತು, ನಾನು ಕಣ್ಣಾರೆ ಕಂಡೆ. ನುಂಗಿದಳು.

ಸರಿಯಾಗಿ ಆ ಹೊತ್ತಿಗೆ ಮೆಣಸು ಬಂದಳು. ಕೈಯಲ್ಲಿ ತುಂಡು, ಬೆವರಿಗೆ ಮೆತ್ತಗಾಗಿದೆ. ಮುಖದಲ್ಲಿ ತೀರ್ಮಾನ. "ಯೋಚನೆ ಮಾಡಾಯ್ತು," ಎಂದು ಕೈ ಮುಂದೆ ಚಾಚಿದಳು.

ನಾನು ಪೆನ್ನು ಎತ್ತಿಕೊಂಡೆ. ಕೊನೆಗೂ.

"ಇನ್ನೊಂದು ಬಾಳೆಹಣ್ಣು ತಿಂದು ಬಾ, ಹೋಗು," ಎಂದಳು ಅಕ್ಕ.

"ನೀನೇ ಒಂದು ಸಾಕು ಅಂದಿದ್ದೆ!"

"ಈಗ ಎರಡು ಅಂತಿದೀನಿ."

ಮೆಣಸಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅಮ್ಮ ಮಾತು ಬದಲಿಸುವ ಮೊದಲೇ ಓಡಿಹೋದಳು. "ಎಷ್ಟೊತ್ತಮ್ಮಾ ಇದು, ಬೇಗ ತೀರ್ಮಾನ ಮಾಡಿ," ಎಂದರು ಮೇಷ್ಟ್ರು. ಅಕ್ಕ ಅವರ ಕಡೆ ತಿರುಗಲಿಲ್ಲ. ಗಡಿಯಾರವನ್ನೂ ನೋಡಲಿಲ್ಲ. ನನಗೆ ಗೊತ್ತಿರುವಂತೆ ಅವಳು ಗಡಿಯಾರ ನೋಡದೆ ಇದ್ದದ್ದು ಇದೇ ಮೊದಲು.

"ಮೆಣಸು ಯಾರ ಕಡೆ ಚಾಚಿದಳು?" ನಾನು ಕೇಳಿದೆ. "ಅಷ್ಟು ಹೇಳಿ ಸಾಕು, ಮುಗಿಸಿಬಿಡ್ತೀನಿ."

"ಈಗ ಮುಗಿಸಬೇಡಿ," ಎಂದಳು ಅಕ್ಕ, ಬೆನ್ನು ತೋರಿಸಿಕೊಂಡೇ. "ತುಂಡು ಯಾರಿಗಾದ್ರೂ ಸಿಕ್ಕಿದ್ರೆ ಪದಕ ಅಂತೀರಿ, ಫೋಟೊ ಅಂತೀರಿ, ಇವಳು ಡ್ರೈವಿಂಗ್ ಕ್ಲಾಸಿದೆ ಅಂತ ಹೊರಟುಬಿಡ್ತಾಳೆ. ಸ್ವಲ್ಪ ಹೊತ್ತು ಸುಮ್ನಿರಿ."

ಮುಗಿಸಲೇಬೇಕಲ್ಲ, ಓದುಗರು ಕಾಯುತ್ತಿದ್ದಾರಲ್ಲ, ಎಂದೆ. ತಂಗಿ ಹಗ್ಗದ ಮೇಲೆ ಮೊಣಕೈಯೂರಿ ಬಗ್ಗಿದ್ದಾಳೆ, ಅಕ್ಕ ಅವಳ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಾಳೆ, ನಿಲ್ಲಿಸದೆ, ಪಟ್ಟಿಯಲ್ಲದ ಏನನ್ನೋ. ನಾನೇ ಸೃಷ್ಟಿಸಿದ ಇಬ್ಬರು, ನನ್ನದೇ ಹಾಳೆಯ ಮೇಲೆ, ನನಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ. ಒಂದೇ ಒಂದು ಮಾತು ಕಿವಿಗೆ ಬೀಳಲಿ ಎಂದು ಇಷ್ಟು ಹತ್ತಿರ ಬಗ್ಗಿದ್ದೇನೆ. ಬೀಳುತ್ತಿಲ್ಲ.

ಆಚೆ ಮೇಜಿನ ಹತ್ತಿರ ಮೆಣಸು ಎರಡನೆಯ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಾಳೆ. ತುಂಡು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾಳೆ, ಎರಡೂ ಕೈ ಬೇಕಲ್ಲ.

ನಿಧಾನವಾಗಿ ಸುಲಿ, ಮರಿ.